ಅನುಕರಿತ ಕ್ಷ-ಕಿರಣ ರೋಹಿತ: ಮಾನಗಳು ಮತ್ತು ತೀವ್ರತೆ

ಅನುಕರಿತ ಕ್ಷ-ಕಿರಣ ರೋಹಿತ ಎಂದರೆ ಕ್ಷ-ಕಿರಣಗಳನ್ನು ಹೊಮ್ಮಿಸುವ ಆಕರ, ಅವು ಹಾದುಬರುವ ವಸ್ತು ಮತ್ತು ಅವನ್ನು ಗ್ರಹಿಸುವ ಶೋಧಕ ಇವುಗಳ ಭೌತಿಕ ನಿಯಮಗಳನ್ನು ಗಣಕಯಂತ್ರದಲ್ಲಿ ಅಳವಡಿಸಿ, ಲೆಕ್ಕದಿಂದ ಪಡೆದ ರೋಹಿತ. ಪ್ರಯೋಗಾಲಯದಲ್ಲಿ ಅಥವಾ ಬಾಹ್ಯಾಕಾಶದಲ್ಲಿ ಅಳೆದ ರೋಹಿತದೊಡನೆ ಇದನ್ನು ಹೋಲಿಸಿ, ಒಂದು ಮಾದರಿಯಲ್ಲಿ ಯಾವ ಮೂಲವಸ್ತು ಎಷ್ಟಿದೆ, ಒಂದು ನಕ್ಷತ್ರದಿಂದ ಎಷ್ಟು ಶಕ್ತಿ ಹೊರಬರುತ್ತಿದೆ, ಒಂದು ಕ್ಷ-ಕಿರಣ ಕೊಳವೆಯಿಂದ ರೋಗಿಯ ದೇಹಕ್ಕೆ ಎಷ್ಟು ವಿಕಿರಣ ತಲುಪುತ್ತದೆ ಎಂಬುದನ್ನು ನಿರ್ಧರಿಸುತ್ತಾರೆ. ಹೋಲಿಕೆ ಅರ್ಥಪೂರ್ಣವಾಗಬೇಕಾದರೆ ಎರಡೂ ರೋಹಿತಗಳ ಲಂಬ ಅಕ್ಷದ ಮೇಲಿನ ಅಂಕಿ ಒಂದೇ ಸಂಗತಿಯನ್ನು ಹೇಳುತ್ತಿರಬೇಕು. ಅನೇಕ ವೇಳೆ ಅದು ಹಾಗಿರುವುದಿಲ್ಲ. ‘ತೀವ್ರತೆ’ ಎಂಬ ಒಂದೇ ಹೆಸರಿನಡಿ ಕನಿಷ್ಠ ಐದಾರು ಬೇರೆ ಬೇರೆ ರಾಶಿಗಳು ಬಳಕೆಯಲ್ಲಿವೆ.

ಭಾರತದಲ್ಲಿ ಇಂತಹ ಹೋಲಿಕೆಯ ಪ್ರಸಿದ್ಧ ನಿದರ್ಶನ ಚಂದ್ರಯಾನ-2ರ ‘ಕ್ಲಾಸ್’ ಉಪಕರಣ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಈ ರೋಹಿತಮಾಪಕವು ಚಂದ್ರನ ನೆಲದ ಮೂಲವಸ್ತುಗಳನ್ನು ಅವು ಹೊಮ್ಮಿಸುವ ಕ್ಷ-ಕಿರಣಗಳಿಂದ ಗುರುತಿಸುತ್ತದೆ.

ಸಮತಲ ಅಕ್ಷ

ಸಮತಲ ಅಕ್ಷದ ಮೇಲೆ ಸಾಮಾನ್ಯವಾಗಿ ಫೋಟಾನಿನ ಶಕ್ತಿ ಇರುತ್ತದೆ. ಅದರ ಮಾನ ಕಿಲೋ ಎಲೆಕ್ಟ್ರಾನ್ ವೋಲ್ಟ್, ಸಂಕ್ಷೇಪವಾಗಿ ಕೆಇವಿ. 1 ಕೆಇವಿ ಎಂದರೆ ಸುಮಾರು 1.602 × 10⁻¹⁶ ಜೂಲ್. ಸ್ಫಟಿಕ ವಿಜ್ಞಾನದವರು ಶಕ್ತಿಯ ಬದಲು ತರಂಗಾಂತರವನ್ನು ಆಂಗ್‌ಸ್ಟ್ರಾಂ ಮಾನದಲ್ಲಿ ಬಳಸುವುದುಂಟು. 12.398 ಎಂಬ ಸಂಖ್ಯೆಯನ್ನು ಕೆಇವಿಯಲ್ಲಿರುವ ಶಕ್ತಿಯಿಂದ ಭಾಗಿಸಿದರೆ ಆಂಗ್‌ಸ್ಟ್ರಾಂನಲ್ಲಿ ತರಂಗಾಂತರ ದೊರೆಯುತ್ತದೆ. ತಾಮ್ರದ ಕೆ-ಆಲ್ಫಾ ರೇಖೆಯ ಶಕ್ತಿ 8.05 ಕೆಇವಿ, ತರಂಗಾಂತರ 1.54 ಆಂಗ್‌ಸ್ಟ್ರಾಂ.

ಇಷ್ಟು ಮಾತ್ರವಾಗಿದ್ದರೆ ತೊಡಕಿರಲಿಲ್ಲ. ಆದರೆ ಅಕ್ಷವನ್ನು ಬದಲಿಸಿದಾಗ ಲಂಬ ಅಕ್ಷದ ಅಂಕಿಗಳೂ ಬದಲಾಗಬೇಕಾಗುತ್ತದೆ. ‘ಪ್ರತಿ ಕೆಇವಿಗೆ ಇಷ್ಟು ಫೋಟಾನು’ ಎಂಬುದನ್ನು ‘ಪ್ರತಿ ಆಂಗ್‌ಸ್ಟ್ರಾಂಗೆ ಇಷ್ಟು ಫೋಟಾನು’ ಎಂದು ಬರೆಯಲು ಆ ಬಿಂದುವಿನ ಶಕ್ತಿಯ ವರ್ಗವನ್ನು 12.398ರಿಂದ ಭಾಗಿಸಿ ಬಂದದ್ದರಿಂದ ಗುಣಿಸಬೇಕು. 10 ಕೆಇವಿಯಲ್ಲಿ ಈ ಗುಣಕ ಸುಮಾರು 8. 60 ಕೆಇವಿಯಲ್ಲಿ ಸುಮಾರು 290. ಒಂದು ಅಕ್ಷದಲ್ಲಿ ಸಮತಟ್ಟಾಗಿ ಕಂಡ ರೋಹಿತ ಇನ್ನೊಂದರಲ್ಲಿ 36 ಪಟ್ಟು ಏರಿದಂತೆ ಕಾಣುವುದು ಇದರಿಂದ. ಕೊಳವೆಯ ರೋಹಿತದ ಶಿಖರ ಎಲ್ಲಿದೆ ಎಂಬ ಪ್ರಶ್ನೆಗೆ ಎರಡು ಪಠ್ಯಪುಸ್ತಕಗಳು ಎರಡು ಉತ್ತರ ಕೊಟ್ಟಿದ್ದರೆ, ಎರಡೂ ಸರಿಯಾಗಿರಬಹುದು.

ಲಂಬ ಅಕ್ಷ: ಯಾವುದಕ್ಕೆ ಎಷ್ಟು

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ದರವನ್ನು ಕ್ವಿಂಟಲಿಗೆ ಇಷ್ಟು ಎಂದು ಹೇಳುತ್ತಾರೆ, ಕಿರಾಣಿ ಅಂಗಡಿಯಲ್ಲಿ ಕಿಲೋಗೆ ಇಷ್ಟು ಎಂದು. ‘ಯಾವುದಕ್ಕೆ’ ಎಂಬುದನ್ನು ಬಿಟ್ಟು ಬರಿಯ ಅಂಕಿಯನ್ನು ಹೋಲಿಸುವವರಿಲ್ಲ. ರೋಹಿತದ ತೀವ್ರತೆಯೂ ಇಂತಹದೇ ದರ. ಅದರಲ್ಲಿ ‘ಯಾವುದಕ್ಕೆ’ ಎಂಬ ಪ್ರಶ್ನೆ ಒಂದಲ್ಲ, ನಾಲ್ಕು ಬಾರಿ ಬರಬಹುದು: ಎಷ್ಟು ಕಾಲಕ್ಕೆ, ಎಷ್ಟು ವಿಸ್ತೀರ್ಣಕ್ಕೆ, ಎಷ್ಟು ಶಕ್ತಿಯ ಅಗಲಕ್ಕೆ, ಎಷ್ಟು ಘನಕೋನಕ್ಕೆ. ಅನುಕರಣೆಯ ತಂತ್ರಾಂಶ ಇವುಗಳಲ್ಲಿ ಯಾವುದನ್ನು ಸೇರಿಸಿದೆ, ಯಾವುದನ್ನು ಬಿಟ್ಟಿದೆ ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಚಿತ್ರದ ಅಂಚಿನಲ್ಲಿ ಕೆಲವೊಮ್ಮೆ ಇರುವುದಿಲ್ಲ.

ಶಕ್ತಿಯ ಅಗಲದಿಂದ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಗಣಕವಾಗಲಿ ಶೋಧಕವಾಗಲಿ ಶಕ್ತಿಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಖಾನೆಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿ ಬಿದ್ದ ಫೋಟಾನುಗಳನ್ನು ಎಣಿಸುತ್ತದೆ. ಖಾನೆಯ ಅಗಲ 0.02 ಕೆಇವಿ ಇದ್ದಾಗ 50 ಎಣಿಕೆ ಬಂದಿದ್ದರೆ, ಅಗಲವನ್ನು 0.2 ಕೆಇವಿಗೆ ಹಿಗ್ಗಿಸಿದಾಗ ಅದೇ ಭಾಗದಲ್ಲಿ ಸುಮಾರು 500 ಬರುತ್ತದೆ. ಆಕರ ಹತ್ತು ಪಟ್ಟು ಪ್ರಖರವಾಗಿಲ್ಲ. ಖಾನೆ ದೊಡ್ಡದಾಗಿದೆ, ಅಷ್ಟೆ. ಎಣಿಕೆಯನ್ನು ಖಾನೆಯ ಅಗಲದಿಂದ ಭಾಗಿಸಿದರೆ ಎರಡೂ ಸಂದರ್ಭದಲ್ಲಿ ಪ್ರತಿ ಕೆಇವಿಗೆ 2500 ಎಂದೇ ಸಿಗುತ್ತದೆ. ಆದ್ದರಿಂದ ಹೋಲಿಕೆಗೆ ‘ಪ್ರತಿ ಕೆಇವಿಗೆ’ ಎಂಬ ಸಾಂದ್ರತೆಯ ರೂಪವೇ ಸೂಕ್ತ. ಆದರೆ ಎಷ್ಟು ಫೋಟಾನುಗಳು ನಿಜವಾಗಿ ಎಣಿಕೆಗೆ ಸಿಕ್ಕಿವೆ ಎಂಬುದು ಆ ರೂಪದಲ್ಲಿ ಮರೆಯಾಗುತ್ತದೆ. ಅನಿಶ್ಚಿತತೆಯನ್ನು ಲೆಕ್ಕ ಹಾಕಲು ಮತ್ತೆ ಮೂಲ ಎಣಿಕೆಗೇ ಮರಳಬೇಕು, ಏಕೆಂದರೆ 100 ಎಣಿಕೆಯಲ್ಲಿ ಸುಮಾರು 10ರಷ್ಟು, 10,000 ಎಣಿಕೆಯಲ್ಲಿ ಸುಮಾರು 100ರಷ್ಟು ಏರುಪೇರು ಸಹಜ. ಅದು ಎಣಿಕೆಯ ವರ್ಗಮೂಲ.

ಫೋಟಾನು, ಶಕ್ತಿ, ಎಣಿಕೆ

ಸಂಖ್ಯೆ ಮತ್ತು ಶಕ್ತಿ ಬೇರೆ. 20 ಕೆಇವಿಯ ನೂರು ಫೋಟಾನುಗಳು 2000 ಕೆಇವಿ ಶಕ್ತಿಯನ್ನು ಒಯ್ಯುತ್ತವೆ. 60 ಕೆಇವಿಯ ನೂರು ಫೋಟಾನುಗಳು 6000 ಕೆಇವಿಯನ್ನು. ಫೋಟಾನುಗಳ ಸಂಖ್ಯೆಯನ್ನು ತೋರಿಸುವ ರೋಹಿತದಲ್ಲಿ ಎರಡೂ ಸಮಾನ ಎತ್ತರ; ಶಕ್ತಿಯನ್ನು ತೋರಿಸುವ ರೋಹಿತದಲ್ಲಿ ಒಂದು ಇನ್ನೊಂದರ ಮೂರು ಪಟ್ಟು. ಭೌತಶಾಸ್ತ್ರದ ಕಟ್ಟುನಿಟ್ಟಿನ ಅರ್ಥದಲ್ಲಿ ‘ತೀವ್ರತೆ’ ಎಂಬುದು ಶಕ್ತಿಯ ಹರಿವನ್ನು ಸೂಚಿಸುತ್ತದೆಯಾದರೂ, ವಾಡಿಕೆಯಲ್ಲಿ ಅದು ಫೋಟಾನುಗಳ ಸಂಖ್ಯೆಗೂ ಸಲ್ಲುತ್ತಿದೆ.

ಫೋಟಾನು ಮತ್ತು ಎಣಿಕೆಯ ನಡುವಿನ ಅಂತರ ಇನ್ನೂ ಆಳವಾದದ್ದು. ಶೋಧಕದ ಮುಂದೆ ಬಂದ ಪ್ರತಿಯೊಂದು ಫೋಟಾನೂ ಎಣಿಕೆಯಾಗುವುದಿಲ್ಲ. ಕೆಲವು ಕಿಟಕಿಯ ತೆಳುಹಾಳೆಯಲ್ಲಿ ಹೀರಲ್ಪಡುತ್ತವೆ, ಕೆಲವು ಶೋಧಕವನ್ನು ತೂರಿಹೋಗುತ್ತವೆ. ಎಣಿಕೆಯಾದವು ಕೂಡ ತಮ್ಮ ನಿಜವಾದ ಶಕ್ತಿಯ ಖಾನೆಯಲ್ಲಿ ಬೀಳುತ್ತವೆಂಬ ಭರವಸೆಯಿಲ್ಲ. ಆಕರದಿಂದ ಬಂದ ಫ್ಲಕ್ಸಿನ ಮಾನ ‘ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ಸೆಕೆಂಡಿಗೆ, ಪ್ರತಿ ಕೆಇವಿಗೆ ಇಷ್ಟು ಫೋಟಾನು’; ಶೋಧಕದಿಂದ ಹೊರಬಂದುದರ ಮಾನ ‘ಪ್ರತಿ ಸೆಕೆಂಡಿಗೆ, ಪ್ರತಿ ಕೆಇವಿಗೆ ಇಷ್ಟು ಎಣಿಕೆ’. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವ ಕೋಷ್ಟಕವನ್ನು ಶೋಧಕದ ಪ್ರತಿಸ್ಪಂದನೆ ಎನ್ನುತ್ತಾರೆ. ‘ಚದರ ಸೆಂಟಿಮೀಟರ್’ ಎಂಬ ಮಾನ ಮಾಯವಾದದ್ದು ಕಂಡರೆ, ಪ್ರತಿಸ್ಪಂದನೆಯೊಳಗೆ ಶೋಧಕದ ಪರಿಣಾಮಕಾರಿ ವಿಸ್ತೀರ್ಣ ಗುಣಿಸಲ್ಪಟ್ಟಿದೆ ಎಂದು ತಿಳಿಯಬಹುದು. ರೋಹಿತ ಯಾವ ಹಂತದ್ದು ಎಂಬುದಕ್ಕೆ ಮಾನವೇ ಸುಳಿವು ಕೊಡುತ್ತದೆ.

ಪ್ರತಿಸ್ಪಂದನೆಯನ್ನು ಬಿಟ್ಟ ಅನುಕರಣೆಯಿಂದ ಎಂತಹ ತಪ್ಪಾಗಬಹುದು ಎಂಬುದಕ್ಕೆ ಸಿಲಿಕಾನ್ ಶೋಧಕ ಒಳ್ಳೆಯ ಉದಾಹರಣೆ. ಕಬ್ಬಿಣದ 6.40 ಕೆಇವಿ ಫೋಟಾನು ಸಿಲಿಕಾನಿನೊಳಗೆ ಹೀರಲ್ಪಟ್ಟಾಗ, ಸಿಲಿಕಾನಿನದೇ 1.74 ಕೆಇವಿ ಫೋಟಾನು ಒಮ್ಮೊಮ್ಮೆ ಹುಟ್ಟಿ ಶೋಧಕದಿಂದ ಪಾರಾಗುತ್ತದೆ. ಉಳಿದ 4.66 ಕೆಇವಿ ಮಾತ್ರ ದಾಖಲಾಗುತ್ತದೆ. ಟೈಟಾನಿಯಮ್‌ನ ಕೆ-ಆಲ್ಫಾ ರೇಖೆ ಇರುವುದು 4.51 ಕೆಇವಿಯಲ್ಲಿ. ಶೋಧಕದ ಬೇರ್ಪಡಿಸುವ ಸಾಮರ್ಥ್ಯ ಸಾಲದಿದ್ದರೆ, ಕಬ್ಬಿಣದ ನೆರಳನ್ನು ಟೈಟಾನಿಯಮ್ ಎಂದು ಓದುವ ಅಪಾಯವಿದೆ.

ರೇಖೆಯ ಎತ್ತರ ಮತ್ತು ವಿಸ್ತೀರ್ಣ

ಲೆಕ್ಕದಲ್ಲಿ ಒಂದು ವಿಶಿಷ್ಟ ರೇಖೆ ಬಹಳ ಕಿರಿದು. ಶೋಧಕ ಅದನ್ನು ಗಂಟೆಯಾಕಾರದ ಶಿಖರವಾಗಿ ಹರಡುತ್ತದೆ. 1000 ಫೋಟಾನುಗಳ ರೇಖೆಯೊಂದು ಅರ್ಧ ಎತ್ತರದಲ್ಲಿ 0.15 ಕೆಇವಿ ಅಗಲದ ಶಿಖರವಾದರೆ, ಅದರ ತುದಿ ಪ್ರತಿ ಕೆಇವಿಗೆ ಸುಮಾರು 6260 ಎಣಿಕೆಯ ಎತ್ತರದಲ್ಲಿರುತ್ತದೆ. ಅಗಲ 0.30 ಕೆಇವಿ ಆದರೆ ಎತ್ತರ ಸುಮಾರು 3130ಕ್ಕೆ ಇಳಿಯುತ್ತದೆ. ಶಿಖರದಡಿಯ ವಿಸ್ತೀರ್ಣ ಮಾತ್ರ ಎರಡರಲ್ಲೂ 1000. ರೇಖೆಗಳನ್ನು ಹೋಲಿಸುವಾಗ ವಿಸ್ತೀರ್ಣವನ್ನೇ ಹೋಲಿಸಬೇಕೆನ್ನುವುದು ಇದಕ್ಕಾಗಿ. ರೇಖೆಯ ಕೆಳಗಿನ ಅವಿಚ್ಛಿನ್ನ ಭಾಗಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಎತ್ತರಕ್ಕೇ ಅರ್ಥವಿದೆ. ರೇಖೆಯು ಹಿನ್ನೆಲೆಗಿಂತ ಎಷ್ಟು ಎದ್ದು ಕಾಣುತ್ತದೆ ಎಂಬುದು, ಹಾಗಾಗಿ, ಆಕರದ ಗುಣವೂ ಹೌದು, ಉಪಕರಣದ ಗುಣವೂ ಹೌದು.

ವಿಸ್ತೀರ್ಣ ಸಿಕ್ಕಿತೆಂದ ಮಾತ್ರಕ್ಕೆ ಮೂಲವಸ್ತುವಿನ ಪ್ರಮಾಣ ಸಿಕ್ಕಂತಲ್ಲ. ಪರಮಾಣುವಿನ ಒಳಗವಚದಿಂದ ಎಲೆಕ್ಟ್ರಾನು ಹೊರಬಿದ್ದಾಗ ಉಂಟಾಗುವ ತೆರವು ತುಂಬುವುದು ಎರಡು ಬಗೆಯಲ್ಲಿ: ಕ್ಷ-ಕಿರಣ ಹೊಮ್ಮಿಸಿ, ಇಲ್ಲವೆ ಓಜೆ ಎಲೆಕ್ಟ್ರಾನನ್ನು ಹೊರದೂಡಿ. ಕ್ಷ-ಕಿರಣ ಹೊಮ್ಮುವ ಪಾಲನ್ನು ಪ್ರತಿದೀಪ್ತಿ ಇಳುವರಿ ಎನ್ನುತ್ತಾರೆ. ಕೆ ಕವಚಕ್ಕೆ ಇದು ಸೋಡಿಯಮ್‌ನಲ್ಲಿ ಸುಮಾರು ಶೇ. 2, ಸಿಲಿಕಾನಿನಲ್ಲಿ ಶೇ. 5, ಕಬ್ಬಿಣದಲ್ಲಿ ಸುಮಾರು ಶೇ. 34, ಬೆಳ್ಳಿಯಲ್ಲಿ ಶೇ. 80ಕ್ಕೂ ಹೆಚ್ಚು. ಸಮಸಂಖ್ಯೆಯ ತೆರವುಗಳಿದ್ದರೂ ಸೋಡಿಯಮ್‌ನ ಶಿಖರ ಕಬ್ಬಿಣದ ಶಿಖರದ ಹದಿನೈದರಲ್ಲಿ ಒಂದು ಪಾಲಿನಷ್ಟೇ ಇರುತ್ತದೆ.

ಅನುಕರಣೆಯ ತಂತ್ರಾಂಶಗಳು ಇಂತಹ ಇಳುವರಿಗಳನ್ನು ಸಿದ್ಧ ಕೋಷ್ಟಕಗಳಿಂದ ತೆಗೆದುಕೊಳ್ಳುತ್ತವೆ. ಆ ಅಂಕಿಗಳನ್ನು ಯಾರಾದರೂ ಅಳೆದು ಪರೀಕ್ಷಿಸುತ್ತಲೇ ಇರಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಈ ಬಗೆಯ ಅಳತೆಗಳು ನಡೆದಿವೆ. ದುರ್ಬಲ ವಿಕಿರಣಶೀಲ ಆಕರವೊಂದರಿಂದ ಲೋಹದ ತೆಳುಹಾಳೆಯನ್ನು ಉದ್ದೀಪಿಸಿ, ಹೊಮ್ಮಿದ ಕೆ ಕ್ಷ-ಕಿರಣಗಳನ್ನು ‘2 ಪೈ’ ಜ್ಯಾಮಿತಿಯಲ್ಲಿ ಅರೆವಾಹಕ ಶೋಧಕದಿಂದ ಅಳೆಯುವುದು ಅಲ್ಲಿನ ಕ್ರಮ. ಪೂರ್ಣ ಗೋಳದ ಘನಕೋನ 4 ಪೈ, ಅಂದರೆ 12.57 ಸ್ಟೆರೇಡಿಯನ್, 2 ಪೈ ಎಂದರೆ ಅದರ ಅರ್ಧ. ಹಾಳೆಯನ್ನು ಶೋಧಕದಿಂದ ದೂರವಿಟ್ಟರೆ ಅಲ್ಪ ಘನಕೋನದ ಫೋಟಾನುಗಳು ಮಾತ್ರ ಸಿಗುತ್ತವೆ, ಅದಕ್ಕೆ ಪ್ರಬಲ ಆಕರ ಬೇಕಾಗುತ್ತದೆ. ಅರ್ಧ ಗೋಳದಲ್ಲಿ ಹೊಮ್ಮಿದ್ದನ್ನೆಲ್ಲ ಹಿಡಿಯುವ ಏರ್ಪಾಡಿನಲ್ಲಿ ದುರ್ಬಲ ಆಕರವೇ ಸಾಕು. ಜೊತೆಗೆ ಘನಕೋನದ ಅಂದಾಜಿನಿಂದ ಬರುವ ದೋಷವೂ ತಗ್ಗುತ್ತದೆ. ದೊಡ್ಡ ವೇಗವರ್ಧಕಗಳಿಲ್ಲದ ವಿಶ್ವವಿದ್ಯಾಲಯಕ್ಕೆ ಇದು ಹೊಂದುವ ದಾರಿ. ಅಳೆದ ಎಣಿಕೆಯನ್ನು ಶೋಧಕದ ದಕ್ಷತೆಗೂ, ಹಾಳೆಯೊಳಗೇ ಹೀರಲ್ಪಟ್ಟ ಭಾಗಕ್ಕೂ ತಿದ್ದಿದ ಮೇಲಷ್ಟೇ ಇಳುವರಿ ಕೈಗೆ ಬರುತ್ತದೆ.

ಚಂದ್ರನ ರೋಹಿತ: ಕ್ಲಾಸ್ ಉಪಕರಣ

ಚಂದ್ರನಲ್ಲಿ ಉದ್ದೀಪಕ ಆಕರ ಸೂರ್ಯ. ಸೂರ್ಯನ ಕ್ಷ-ಕಿರಣಗಳು ವಾತಾವರಣವಿಲ್ಲದ ಚಂದ್ರನ ನೆಲವನ್ನು ನೇರವಾಗಿ ತಾಕಿ, ಅಲ್ಲಿನ ಪರಮಾಣುಗಳಿಂದ ವಿಶಿಷ್ಟ ರೇಖೆಗಳನ್ನು ಹೊರಡಿಸುತ್ತವೆ: ಸೋಡಿಯಮ್ 1.04, ಮೆಗ್ನೀಸಿಯಮ್ 1.25, ಅಲ್ಯೂಮಿನಿಯಮ್ 1.49, ಸಿಲಿಕಾನ್ 1.74, ಕ್ಯಾಲ್ಸಿಯಮ್ 3.69, ಕಬ್ಬಿಣ 6.40 ಕೆಇವಿ. 1971ರ ಅಪೋಲೋ 15 ಮತ್ತು 1972ರ ಅಪೋಲೋ 16 ಯಾನಗಳ ಉಪಕರಣಗಳು ಈ ರೇಖೆಗಳನ್ನು ಚೆನ್ನಾಗಿ ಬೇರ್ಪಡಿಸಲಾರದೆ, ಮೆಗ್ನೀಸಿಯಮ್–ಸಿಲಿಕಾನ್ ಹಾಗೂ ಅಲ್ಯೂಮಿನಿಯಮ್–ಸಿಲಿಕಾನ್ ಅನುಪಾತಗಳನ್ನು ಕೊಟ್ಟವು. ಅನುಪಾತಕ್ಕೆ ಒಂದು ಅನುಕೂಲವಿದೆ: ಸೂರ್ಯನ ಪ್ರಖರತೆ, ವಿಸ್ತೀರ್ಣ, ಕಾಲ ಇವೆಲ್ಲ ಅಂಶ–ಛೇದಗಳಲ್ಲಿ ಹೊಡೆದುಹೋಗುತ್ತವೆ. ಸೂರ್ಯನ ರೋಹಿತದ ಆಕಾರದ ಪ್ರಭಾವ ಮಾತ್ರ ಉಳಿಯುತ್ತದೆ. ಒಂದೊಂದು ಮೂಲವಸ್ತುವಿನ ಪ್ರಮಾಣವನ್ನೇ ಬಿಡಿಯಾಗಿ ಹೇಳಬೇಕಾದರೆ ಆ ಅನುಕೂಲವಿಲ್ಲ. ಪ್ರತಿಯೊಂದು ಮಾನವನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ.

ಚಂದ್ರಯಾನ-2 ಉಡಾವಣೆಯಾದದ್ದು 2019ರ ಜುಲೈ 22ರಂದು. ಅದರ ಕಕ್ಷಾನೌಕೆಯಲ್ಲಿ ಈ ಕಾರ್ಯಕ್ಕೆ ಎರಡು ಉಪಕರಣಗಳಿವೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ನಿರ್ಮಿಸಿದ ಸೌರ ಕ್ಷ-ಕಿರಣ ಮಾಪಕವು ಸೂರ್ಯನಿಂದ ಬರುವ ಫ್ಲಕ್ಸನ್ನು ಅಳೆಯುತ್ತದೆ. ಕ್ಲಾಸ್ ಚಂದ್ರನಿಂದ ಹೊರಡುವುದನ್ನು ಅಳೆಯುತ್ತದೆ. ಮೊದಲನೆಯದರ ಅಳತೆಯೇ ಅನುಕರಣೆಯ ಆರಂಭಬಿಂದು. ಅದರಿಂದ ಊಹಿತ ಸಂಯೋಜನೆಯ ನೆಲವು ಹೊಮ್ಮಿಸಬೇಕಾದ ರೇಖೆಗಳನ್ನು ಲೆಕ್ಕ ಹಾಕಿ, ಕ್ಲಾಸ್‌ನ ಪ್ರತಿಸ್ಪಂದನೆಯ ಮೂಲಕ ಹಾಯಿಸಿ, ಅಳೆದ ಎಣಿಕೆಯೊಡನೆ ಹೊಂದುವವರೆಗೆ ಸಂಯೋಜನೆಯನ್ನು ತಿದ್ದುತ್ತಾರೆ.

ಇಲ್ಲಿ ಘನಕೋನದ ಪಾತ್ರ ಗಮನಾರ್ಹ. ಕ್ಲಾಸ್‌ನಲ್ಲಿ ತಲಾ 4 ಚದರ ಸೆಂಟಿಮೀಟರಿನ 16 ಶೋಧಕಗಳಿದ್ದು, ಒಟ್ಟು ವಿಸ್ತೀರ್ಣ 64 ಚದರ ಸೆಂಟಿಮೀಟರ್. ನೌಕೆ 100 ಕಿಲೋಮೀಟರ್ ಎತ್ತರದಲ್ಲಿರುವಾಗ ಅದು ಒಮ್ಮೆಗೆ ಕಾಣುವ ನೆಲ ಸುಮಾರು 12.5 ಕಿಲೋಮೀಟರ್ ಉದ್ದಗಲದ ಚೌಕ. 12.5ನ್ನು 100ರಿಂದ ಭಾಗಿಸಿ ವರ್ಗ ಮಾಡಿದರೆ ಘನಕೋನ ಸುಮಾರು 0.016 ಸ್ಟೆರೇಡಿಯನ್. ಇದನ್ನು 64ರಿಂದ ಗುಣಿಸಿದರೆ ಹೆಚ್ಚುಕಡಿಮೆ 1 ಬರುತ್ತದೆ. ಅಂದರೆ ನೆಲದ ತೀವ್ರತೆ ‘ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ಸೆಕೆಂಡಿಗೆ, ಪ್ರತಿ ಸ್ಟೆರೇಡಿಯನ್‌ಗೆ 1 ಫೋಟಾನು’ ಇದ್ದರೆ, ನಷ್ಟಗಳನ್ನು ಲೆಕ್ಕಿಸದೆ, ಶೋಧಕಗಳಿಗೆ ಸೆಕೆಂಡಿಗೆ ಸುಮಾರು ಒಂದು ಫೋಟಾನು ತಲುಪುತ್ತದೆ. ಕ್ಲಾಸ್‌ನ ದತ್ತಾಂಶ 8 ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಅಂತಹ ಒಂದು ತುಣುಕಿನಲ್ಲಿ 8 ಫೋಟಾನು, ಏರುಪೇರು ಸುಮಾರು 3. ಕ್ಷೀಣ ರೇಖೆಗಳಿಗೆ ಅನೇಕ ತುಣುಕುಗಳನ್ನು ಕೂಡಿಸಲೇಬೇಕು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ನೌಕೆ 200 ಕಿಲೋಮೀಟರ್ ಎತ್ತರಕ್ಕೆ ಏರಿದರೆ ಎಣಿಕೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆಂದು ತೋರಬಹುದು. ಹಾಗಾಗುವುದಿಲ್ಲ. ದೂರದ ವರ್ಗಕ್ಕೆ ವಿಲೋಮವಾಗಿ ಫ್ಲಕ್ಸ್ ಇಳಿಯುವುದು ಬಿಂದುವಿನಂತಹ ಆಕರಕ್ಕೆ. ಚಂದ್ರನ ನೆಲ ಉಪಕರಣದ ನೋಟವನ್ನು ಪೂರ್ತಿ ತುಂಬುತ್ತದೆ. ಎತ್ತರ ಇಮ್ಮಡಿಸಿದಾಗ ಪ್ರತಿ ತುಂಡು ನೆಲದಿಂದ ಬರುವ ಫೋಟಾನು ಕಾಲುಭಾಗವಾದರೂ, ಕಾಣುವ ನೆಲ ನಾಲ್ಕು ಪಟ್ಟಾಗುತ್ತದೆ. ಎಣಿಕೆ ಹಾಗೆಯೇ ಉಳಿದು, ಚಿತ್ರದ ಸ್ಪಷ್ಟತೆ ಮಾತ್ರ ಕುಗ್ಗುತ್ತದೆ. ಮಾನದಲ್ಲಿ ‘ಪ್ರತಿ ಸ್ಟೆರೇಡಿಯನ್‌ಗೆ’ ಎಂದಿದೆಯೇ ಇಲ್ಲವೇ ಎಂಬುದನ್ನು ನೋಡದೆ ಎರಡು ಎತ್ತರಗಳ ರೋಹಿತಗಳನ್ನು ‘ಸರಿಪಡಿಸಲು’ ಹೊರಟರೆ, ಇಲ್ಲದ ವ್ಯತ್ಯಾಸ ಹುಟ್ಟುತ್ತದೆ.

ಶಿಖರ ಚಿಕ್ಕದಿದ್ದರೆ ಮೂಲವಸ್ತು ಕಡಿಮೆ ಎಂಬ ತೀರ್ಮಾನವೂ ಸಲ್ಲದು. ಕಬ್ಬಿಣದ ಕೆ ಕವಚವನ್ನು ಉದ್ದೀಪಿಸಲು 7.11 ಕೆಇವಿಗಿಂತ ಹೆಚ್ಚು ಶಕ್ತಿಯ ಫೋಟಾನು ಬೇಕು. ಶಾಂತ ಸೂರ್ಯನಿಂದ ಅವು ತೀರ ವಿರಳ, ಸೌರಜ್ವಾಲೆಯ ವೇಳೆ ಹೇರಳ. ಒಂದೇ ನೆಲ ಒಂದು ದಿನ ಕಬ್ಬಿಣವಿಲ್ಲದಂತೆಯೂ, ಇನ್ನೊಂದು ದಿನ ಕಬ್ಬಿಣದ ಸ್ಪಷ್ಟ ಶಿಖರದೊಡನೆಯೂ ಕಾಣಬಹುದು.

2022ರಲ್ಲಿ ಪ್ರಕಟವಾದ ಸೋಡಿಯಮ್ ನಕ್ಷೆ ಈ ಎಲ್ಲ ಲೆಕ್ಕಗಳ ಫಲ. 2008ರ ಚಂದ್ರಯಾನ-1ರ ಉಪಕರಣ ಚಂದ್ರನ ಸೋಡಿಯಮ್‌ನ ಸುಳಿವನ್ನು ನೀಡಿತ್ತು. ಕ್ಲಾಸ್ ಅದನ್ನು ಮೊದಲ ಬಾರಿಗೆ ವಿಸ್ತಾರವಾಗಿ ನಕ್ಷೆಗಿಳಿಸಿತು. ಈ ಸಂಕೇತದ ಒಂದು ಭಾಗ ಖನಿಜಗಳೊಳಗಿನ ಸೋಡಿಯಮ್‌ನಿಂದಲ್ಲದೆ, ನೆಲದ ಕಣಗಳಿಗೆ ಸಡಿಲವಾಗಿ ಅಂಟಿಕೊಂಡ ತೆಳು ಲೇಪದಿಂದಲೂ ಬರುತ್ತಿರಬಹುದೆಂಬುದು ಸಂಶೋಧಕರ ವಿವರಣೆ. ಚಂದ್ರನ ಸುತ್ತಲಿನ ಅತಿವಿರಳ ಆವರಣದಲ್ಲಿ ಸೋಡಿಯಮ್ ಎಲ್ಲಿಂದ ಬರುತ್ತದೆ ಎಂಬ ಹಳೆಯ ಪ್ರಶ್ನೆಗೆ ಇದು ಸಂಬಂಧಿಸಿದೆ. ಖನಿಜದೊಳಗೆ ಬಿಗಿಯಾದ ಪರಮಾಣುವಿಗಿಂತ ಸಡಿಲವಾದದ್ದನ್ನು ಸೌರಮಾರುತ ಅಥವಾ ನೇರಳಾತೀತ ಕಿರಣ ಸುಲಭವಾಗಿ ಎಬ್ಬಿಸಬಲ್ಲದು. ಇಂತಹ ತೀರ್ಮಾನ ನಿಲ್ಲುವುದು ಸೋಡಿಯಮ್ ಇದೆಯೋ ಇಲ್ಲವೋ ಎಂಬುದರ ಮೇಲಲ್ಲ, ಎಷ್ಟಿದೆ ಎಂಬುದರ ಮೇಲೆ. ಎಂದರೆ, ತೀವ್ರತೆಯ ಮಾನದ ಮೇಲೆ.

ಕ್ಲಾಸ್‌ನ ದತ್ತಾಂಶವು ಬೆಂಗಳೂರಿನ ಸಮೀಪ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ ‘ಪ್ರದಾನ್’ ಜಾಲತಾಣದ ಮೂಲಕ ಸಾರ್ವಜನಿಕರಿಗೆ ದೊರೆಯುತ್ತದೆ. ವಿದ್ಯಾರ್ಥಿಗಳೂ ನೋಂದಾಯಿಸಿಕೊಂಡು ಬಳಸಬಹುದು.

ಕ್ಷ-ಕಿರಣ ಕೊಳವೆಯ ಅನುಕರಣೆ

ಆಸ್ಪತ್ರೆಯ ಕೊಳವೆಯ ರೋಹಿತವನ್ನು ಅನುಕರಿಸುವಾಗ ಮಾಂಟೆ ಕಾರ್ಲೊ ವಿಧಾನ ಬಳಕೆಯಲ್ಲಿದೆ. ಗಣಕವು ಒಂದೊಂದೇ ಎಲೆಕ್ಟ್ರಾನನ್ನು ಟಂಗ್‌ಸ್ಟನ್ ಗುರಿಯತ್ತ ಕಳುಹಿಸಿ, ಅದರ ಗತಿಯನ್ನು ಸಂಭವನೀಯತೆಯ ನಿಯಮದಂತೆ ಹಿಂಬಾಲಿಸುತ್ತದೆ. ಫಲಿತಾಂಶ ಸಾಮಾನ್ಯವಾಗಿ ‘ಪ್ರತಿ ಎಲೆಕ್ಟ್ರಾನಿಗೆ ಇಷ್ಟು ಫೋಟಾನು’ ಎಂದಿರುತ್ತದೆ. ಆದ್ದರಿಂದ ಅಂಕಿಗಳು ಅತ್ಯಂತ ಚಿಕ್ಕವಾಗಿರುತ್ತವೆ, ಅದು ದೋಷವಲ್ಲ. ಕೊಳವೆಯಲ್ಲಿ 1 ಮಿಲಿಆಂಪಿಯರ್ ವಿದ್ಯುತ್ತು 1 ಸೆಕೆಂಡು ಹರಿದರೆ 6.24 × 10¹⁵ ಎಲೆಕ್ಟ್ರಾನುಗಳು ಗುರಿಯನ್ನು ತಾಕುತ್ತವೆ. ಆ ಸಂಖ್ಯೆಯಿಂದ ಗುಣಿಸಿದಾಗ ನೈಜ ಪ್ರಮಾಣ ಬರುತ್ತದೆ.

ಈ ಗುಣಾಕಾರದಲ್ಲಿ ಒಂದು ಮೋಸವಿದೆ. ಗಣಕದಲ್ಲಿ 10⁷ ಎಲೆಕ್ಟ್ರಾನುಗಳನ್ನು ಮಾತ್ರ ಹಿಂಬಾಲಿಸಿ, ಒಂದು ಖಾನೆಯಲ್ಲಿ 25 ಫೋಟಾನು ಸಿಕ್ಕಿದ್ದವೆನ್ನೋಣ. ನೈಜ ಪ್ರಮಾಣಕ್ಕೆ ಏರಿಸಿದಾಗ ಅದು 1.56 × 10¹⁰ ಆಗುತ್ತದೆ. ಇಷ್ಟು ದೊಡ್ಡ ಸಂಖ್ಯೆಗೆ ಅನಿಶ್ಚಿತತೆ ನಗಣ್ಯವೆನಿಸುತ್ತದೆ. ವಾಸ್ತವವಾಗಿ ಅದು 25ರ ಅನಿಶ್ಚಿತತೆಯೇ, ಅಂದರೆ ಶೇ. 20. ಗುಣಿಸಿದ್ದರಿಂದ ಮಾಹಿತಿ ಹೆಚ್ಚಾಗುವುದಿಲ್ಲ.

80 ಕಿಲೋವೋಲ್ಟಿನ ಕೊಳವೆಯ ರೋಹಿತ 80 ಕೆಇವಿಯಲ್ಲಿ ಕಡಿದು ನಿಲ್ಲುತ್ತದೆ, 59.3 ಹಾಗೂ 67.2 ಕೆಇವಿಯ ಆಸುಪಾಸು ಟಂಗ್‌ಸ್ಟನ್ನಿನ ರೇಖೆಗಳು ಏಳುತ್ತವೆ. ಅನುಕರಣೆಯ ಚಿತ್ರ ಸರಿಯೋ ಎಂದು ನೋಡಲು ಇವೆರಡು ಗುರುತುಗಳು ಸಾಕು. ಅಲ್ಯೂಮಿನಿಯಮ್ ಶೋಧಕಹಾಳೆಯನ್ನು ದಾಟುವ ಮುನ್ನಿನ ರೋಹಿತವೇ, ದಾಟಿದ ಮೇಲಿನದೇ, ಎಷ್ಟು ದೂರದಲ್ಲಿನದು ಎಂಬುದನ್ನು ಮಾತ್ರ ಚಿತ್ರದಿಂದ ಊಹಿಸಲಾಗದು, ಬರೆದಿರಬೇಕು.

ಖಗೋಳದಲ್ಲಿನ ಬಳಕೆ

ಖಗೋಳ ವಿಜ್ಞಾನಿಗಳು ಅನೇಕ ವೇಳೆ ಫೋಟಾನ್ ಫ್ಲಕ್ಸನ್ನು ಶಕ್ತಿಯ ವರ್ಗದಿಂದ ಗುಣಿಸಿ ಚಿತ್ರಿಸುತ್ತಾರೆ. ಏಡಿ ನೀಹಾರಿಕೆಯ ಫ್ಲಕ್ಸ್, ನಡುವಿನ ಅನಿಲದ ಹೀರಿಕೆಯನ್ನು ಬಿಟ್ಟರೆ, 1 ಕೆಇವಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ಸೆಕೆಂಡಿಗೆ, ಪ್ರತಿ ಕೆಇವಿಗೆ ಸುಮಾರು 10 ಫೋಟಾನು. ಶಕ್ತಿ ಹೆಚ್ಚಿದಂತೆ ಅದು 2.1ನೇ ಘಾತದಂತೆ ಇಳಿದು, 10 ಕೆಇವಿಯಲ್ಲಿ ಸುಮಾರು 0.08 ಆಗುತ್ತದೆ. ಶಕ್ತಿಯ ವರ್ಗದಿಂದ ಗುಣಿಸಿದರೆ ಇವೇ ಎರಡು ಬಿಂದುಗಳು 10 ಮತ್ತು 8ರ ಸಮೀಪ ನಿಲ್ಲುತ್ತವೆ. ನೂರಕ್ಕೂ ಹೆಚ್ಚು ಪಟ್ಟು ಕುಸಿದಂತೆ ಕಂಡದ್ದು ಹೆಚ್ಚುಕಡಿಮೆ ಸಮತಲವಾಗುತ್ತದೆ. ಪ್ರತಿ ಹಂತದಲ್ಲಿ ಎಷ್ಟು ಶಕ್ತಿ ಹೊರಬರುತ್ತಿದೆ ಎಂಬುದನ್ನು ತೋರಿಸಲು ಈ ರೂಪ ಒಳ್ಳೆಯದು. 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಆಸ್ಟ್ರೋಸ್ಯಾಟ್‌ನಂತಹ ದೂರದರ್ಶಕದಿಂದ ಎಷ್ಟು ಹೊತ್ತು ವೀಕ್ಷಿಸಬೇಕೆಂದು ಮುಂಚಿತವಾಗಿ ಅಂದಾಜಿಸಲು ಮಾತ್ರ ಇದು ಉಪಯೋಗವಿಲ್ಲ. ಅಲ್ಲಿ ಎಣಿಕೆಯೇ ಬೇಕು.

ಯಾದೃಚ್ಛಿಕ ಮಾನ

ಕೆಲವು ರೋಹಿತಗಳಲ್ಲಿ ಅತಿ ಎತ್ತರದ ಶಿಖರವನ್ನು 100 ಅಥವಾ 1 ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಿ ತೋರಿಸಿರುತ್ತಾರೆ. ಅಕ್ಷದ ಮೇಲೆ ‘ಯಾದೃಚ್ಛಿಕ ಮಾನ’ ಎಂದಿರುತ್ತದೆ. ರೇಖೆಗಳ ಸ್ಥಾನ ಮತ್ತು ಆಕಾರವನ್ನು ನೋಡಲು ಇಷ್ಟು ಸಾಕು. ಒಂದೇ ಚಿತ್ರದೊಳಗಿನ ಎರಡು ಶಿಖರಗಳ ಅನುಪಾತಕ್ಕೂ ಅರ್ಥವಿದೆ. ಎರಡು ಬೇರೆ ಚಿತ್ರಗಳಲ್ಲಿನ 100 ಮತ್ತು 100 ಸಮಾನವೆಂದು ಭಾವಿಸಲು ಮಾತ್ರ ಆಧಾರವಿಲ್ಲ. ಅಳೆದ ರೋಹಿತದಲ್ಲಿ ಅತಿ ಎತ್ತರದ ಶಿಖರವೇ ಉಪಕರಣದ ಹೊದಿಕೆಯಿಂದ ಬಂದ ಅಲ್ಯೂಮಿನಿಯಮ್ ರೇಖೆಯಾಗಿದ್ದರೆ, ಅದಕ್ಕೆ ಹೋಲಿಸಿದ ಉಳಿದೆಲ್ಲ ಅಂಕಿಗಳೂ ಮಾದರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.